ಮೂರನೇ ಚರಣಕ್ಕೆ ಮೊದಲೇ ಶಾಲು

ಹಿಂದಿನ ಸಾಲಿನಲ್ಲಿ ಫೋನು ಎತ್ತಿ ಹಿಡಿದಿರುವವರೇ, ಮೊದಲು ಅದನ್ನು ಕೆಳಗಿಡಿ. ನನ್ನ ಮುಖ ಎಪ್ಪತ್ತೊಂದು ವರ್ಷದಿಂದ ಹೀಗೇ ಇದೆ, ಹೊಸದಾಗಿ ಚಿತ್ರ ಹಿಡಿಯುವಂಥದ್ದು ಅದರಲ್ಲಿ ಏನೂ ಇಲ್ಲ. ಊಟಕ್ಕೆ ಮುಂಚೆ ಜಾಗ ಹಿಡಿಯೋಣವೆಂದು ಬಾಗಿಲ ಬಳಿ ನಿಂತಿರುವವರೇ, ನೀವೂ ಬಂದು ಕುಳಿತುಕೊಳ್ಳಿ. ಪುಳಿಯೋಗರೆ ಎಲ್ಲಿಗೂ ಓಡಿಹೋಗುವುದಿಲ್ಲ, ಅದನ್ನು ಕಲಸಿದವಳು ನಾನೇ. ನಿಮಗೆ ಮಾತು ಕೇಳುವ ಅಭ್ಯಾಸವೂ ಇಲ್ಲ, ಹಾಡು ಕೇಳುವ ಅಭ್ಯಾಸವೂ ಇಲ್ಲ. ಅದನ್ನು ನಿಮ್ಮ ಮುಖಕ್ಕೇ ಹೇಳಬೇಕೆಂದು ಈ ಮೆಟ್ಟಿಲು ಹತ್ತಿ ಬಂದಿದ್ದೇನೆ.

ಇನ್ನು ಕ್ರಮವಾಗಿ ಮಾತನಾಡುತ್ತೇನೆ. ಐರ್ಲೆಂಡಿನ ಬಾಯ್ನ್ ನದಿ ತೀರದ ಕನ್ನಡ ಬಳಗದ ಅಧ್ಯಕ್ಷರಾದ ಗುರುದತ್ ಅವರೇ, ಕಾರ್ಯಕ್ರಮ ನಿರೂಪಿಸುತ್ತಿರುವ ಅರ್ಪಿತಾ ಅವರೇ, ಮೈಕಿನ ಹೊಣೆ ಹೊತ್ತಿರುವ ಶಫೀ ಅವರೇ, ಡ್ರೋಹೆಡಾದಿಂದ, ಸ್ವೋರ್ಡ್ಸ್‌ನಿಂದ, ಅಷ್ಟು ದೂರದ ಗಾಲ್ವೇಯಿಂದ ಯುಗಾದಿಯ ಊಟಕ್ಕೆ ಬಂದಿರುವ ಸಭಿಕರೇ. ಊಟಕ್ಕೆ ಎಂದು ಬಾಯಿ ತಪ್ಪಿ ಹೇಳಲಿಲ್ಲ, ಬರೆದುಕೊಂಡೇ ಬಂದಿದ್ದೇನೆ.

ನನ್ನ ಹೆಸರು ಸಾವಿತ್ರಮ್ಮ. ಇಲ್ಲಿ ನರ್ಸ್ ಆಗಿರುವ ಭಾನುಮತಿಯ ತಾಯಿ, ಪಿಟೀಲು ನುಡಿಸುವ ಇಂಚರಾಳ ಅಜ್ಜಿ. ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದ್ದೇನೆ. ಆಮಂತ್ರಣದಲ್ಲಿ "ಹಿರಿಯರಿಂದ ಎರಡು ಮಾತು" ಎಂದು ಹಾಕಿದ್ದೀರಿ. ಹಿರಿಯರ ಎರಡು ಮಾತು ಎಂದರೆ ಏನು? ಮಕ್ಕಳಿಗೆ ಕನ್ನಡ ಕಲಿಸಿ ಎನ್ನುವುದು ಒಂದು, ಎಲ್ಲರಿಗೂ ಒಳ್ಳೆಯದಾಗಲಿ ಎನ್ನುವುದು ಇನ್ನೊಂದು. ಎರಡೂ ಈಗ ಆಯಿತು. ಇನ್ನು ವಿಷಯಕ್ಕೆ ಬರುತ್ತೇನೆ.

ವಿಷಯ ಒಂದು ಹಾಡು. ‘ಗೇಟ್‌ಪೋಸ್ಟ್ಸ್’ ಎನ್ನುವ ಕಂಟ್ರಿ ಮ್ಯೂಸಿಕ್ ತಂಡದ ಹಾಡು. ಗೇಟಿನ ಕಂಬಗಳು ಎಂದು ಅರ್ಥವಂತೆ. ಕಂಬಗಳು ಒಟ್ಟು ಐದು. ಒಬ್ಬ ಅಂಚೆಯವನು, ಒಬ್ಬ ಲಾರಿ ಡ್ರೈವರ್, ಗಿಟಾರು ಹಿಡಿದು ತಂಡ ನಡೆಸುವ ಡೆಕ್ಲನ್ ಎಂಬ ಸ್ಕೂಲು ಮೇಷ್ಟ್ರು, ನನ್ನ ಮೊಮ್ಮಗಳು ಇಂಚರಾ, ಮತ್ತು ನಮ್ಮ ಬೇಲಿಯ ಆಚೆಮನೆಯ ಪೀಡರ್. ನಾನು ಪೀಡರಪ್ಪ ಎನ್ನುತ್ತೇನೆ. ಎಪ್ಪತ್ತಮೂರು ವರ್ಷ, ಮೊದಲು ಹಸು ಕಟ್ಟಿಕೊಂಡು ಹಾಲು ಹಾಕುತ್ತಿದ್ದವರು. ಅಕಾರ್ಡಿಯನ್ ನುಡಿಸುತ್ತಾರೆ, ಹಾಡುತ್ತಾರೆ. ಅಕಾರ್ಡಿಯನ್ ಎಂದರೆ ಎದೆಗೆ ಕಟ್ಟಿಕೊಂಡು ಎಳೆದು ಒತ್ತಿ ನುಡಿಸುವ ವಾದ್ಯ, ನಮ್ಮ ಹಾರ್ಮೋನಿಯಂನ ದಾಯಾದಿ. ಇದು ಸಭೆಯಾದ್ದರಿಂದ ಪೀಡರಪ್ಪನಿಗೆ ಬಹುವಚನ ಕೊಡುತ್ತಿದ್ದೇನೆ. ಬೇಲಿಯ ಬಳಿ ಕೊಡುವುದಿಲ್ಲ.

ಹಾಡನ್ನು ಕಟ್ಟಿದವರೂ ಅವರೇ. ಕನ್ನಡದಲ್ಲಿ ಹೇಳುವುದಾದರೆ ‘ಬೈಯೇ ನನ್ನ ಇನ್ನೊಂದು ಸಲ’. ಮೊದಲ ಚರಣದಲ್ಲಿ ಗಂಡ ಕೆಸರಿನ ಬೂಟಿನಲ್ಲೇ ಅಡುಗೆಮನೆಗೆ ಬರುತ್ತಾನೆ, ಹೆಂಡತಿ ಬೈಯುತ್ತಾಳೆ. ಎರಡನೇ ಚರಣದಲ್ಲಿ ಕಾರಿನಲ್ಲಿ ಗಾಲ್ವೇಗೆ ಹೋಗುವಾಗ ಉದ್ದಕ್ಕೂ ಬೈಯುತ್ತಾಳೆ, ಅವನು ಬೇಕೆಂದೇ ತಪ್ಪು ದಾರಿ ಹಿಡಿಯುತ್ತಾನೆ, ದಾರಿ ಇನ್ನಷ್ಟು ಉದ್ದವಾಗಲಿ ಎಂದು. ಪಲ್ಲವಿ ಹೀಗಿದೆ: ‘ಬೈಯೇ ನನ್ನ ಇನ್ನೊಂದು ಸಲ, ನೀನು ಸುಮ್ಮನಾದರೆ ಮನೆಗೆ ಬೀಗ ಹಾಕಿದ ಹಾಗೆ.’ ಇದನ್ನು ಅಳುತ್ತಾ ಹಾಡುವುದಿಲ್ಲ. ಕುದುರೆ ಓಡಿದ ಹಾಗೆ ತಾಳ ಹೋಗುತ್ತದೆ. ಕುಳಿತವರ ಮಂಡಿ ತಾನಾಗಿ ಕುಣಿಯುತ್ತದೆ. ನಿಮ್ಮ ಮಂಡಿಯ ವಿಷಯ ಆಮೇಲೆ ಹೇಳುತ್ತೇನೆ.

ಈ ಹಾಡಿಗೆ ಹೊರಗೆ ಎಂಥ ಮರ್ಯಾದೆ ಸಿಕ್ಕಿತು ಎಂದು ನಿಮಗೆ ಗೊತ್ತೇ? ಮೊದಲ ಸಲ ಪಕ್ಕದ ಹಳ್ಳಿಯ ಹಾಲ್‌ನಲ್ಲಿ ನುಡಿಸಿದಾಗ ನಾನು ಅಲ್ಲೇ ಇದ್ದೆ. ಗೋಡೆಗೆ ಒರಗಿ ಕಲ್ಲಿನ ಹಾಗೆ ನಿಂತಿದ್ದ ರೈತರು ಒಬ್ಬೊಬ್ಬರೇ ಹೆಂಗಸರ ಕೈ ಹಿಡಿದು ನಡುವೆ ಬಂದರು. ಜೈವ್ ಎನ್ನುತ್ತಾರೆ ಆ ಕುಣಿತಕ್ಕೆ. ಮಂಡಿ ಬದಲಾಯಿಸಿಕೊಂಡು ಆರು ವಾರವಾಗಿದ್ದ ಒಬ್ಬ ಮುದುಕಪ್ಪ ಊರುಗೋಲನ್ನು ನನ್ನ ಕೈಗೆ ಕೊಟ್ಟು ಹೋದವನು ಹಾಡು ಮುಗಿದ ಮೇಲೂ ಅದನ್ನು ಕೇಳಲಿಲ್ಲ. ಆಮೇಲೆ ಊರಿನ ರೇಡಿಯೊದಲ್ಲಿ ಬಂತು. ನವನ್ ಊರಿನ ಕಡೆಯ ಒಬ್ಬ ಗಂಡ ಫೋನು ಮಾಡಿ "ಈ ಹಾಡು ನನ್ನ ಹೆಂಡತಿಗೆ" ಎಂದು ಹಾಕಿಸಿದ. ಐದು ನಿಮಿಷಕ್ಕೆ ಅವಳೇ ಫೋನು ಮಾಡಿ ರೇಡಿಯೊದಲ್ಲೇ ಅವನಿಗೆ ಬೈದಳು. ನನ್ನ ಮಗಳು ಕೆಲಸ ಮಾಡುವ ವಾರ್ಡಿನಲ್ಲಿ ನರ್ಸುಗಳು ಗುನುಗುತ್ತಾರಂತೆ. ಸ್ವೋರ್ಡ್ಸ್‌ನ ಬಸ್ ಡ್ರೈವರ್ ಸಿಳ್ಳೆ ಹಾಕುತ್ತಾನಂತೆ.

ಇನ್ನು ನಮ್ಮ ಬಳಗದಲ್ಲಿ ಸಿಕ್ಕ ಮರ್ಯಾದೆ. ಗುರುದತ್ ಅವರೇ, ಗಂಟಲು ಸರಿಮಾಡಿಕೊಳ್ಳಬೇಡಿ, ನಿಮಗೆ ಮಾತನಾಡುವ ಸರದಿ ಇಲ್ಲ.

ಹೋದ ನವೆಂಬರಿನಲ್ಲಿ, ಇದೇ ಹಾಲ್‌ನಲ್ಲಿ, ರಾಜ್ಯೋತ್ಸವದ ದಿನ, ಗೇಟ್‌ಪೋಸ್ಟ್ಸ್ ಬಂದರು. ಇಂಚರಾ ಕರೆದಳೆಂದು ಬಂದರು. ಪೀಡರಪ್ಪ ಹೊಸ ಅಂಗಿ ಹಾಕಿಕೊಂಡಿದ್ದರು, ಅದರ ಕಾಲರಿನ ರಟ್ಟು ತೆಗೆಯುವುದನ್ನು ಮರೆತಿದ್ದರು. ಹಾಡು ಶುರುವಾಯಿತು. ನೀವು ಏನು ಮಾಡಿದಿರಿ? ಕೈ ಕಟ್ಟಿಕೊಂಡು ಕುಳಿತಿರಿ. ಸಂಗೀತ ಕಚೇರಿಗೆ ಬಂದವರ ಹಾಗೆ ಗಂಭೀರವಾಗಿ ಕುಳಿತಿರಿ. ಮುಂದಿನ ಸಾಲಿನವರು ಕಣ್ಣು ಮುಚ್ಚಿದ್ದರು, ಅದು ರಸಾಸ್ವಾದವೋ ನಿದ್ದೆಯೋ ಅವರಿಗೇ ಗೊತ್ತು. ಇಡೀ ಹಾಲ್‌ನಲ್ಲಿ ಒಂದೇ ಒಂದು ಕಾಲು ತಾಳ ಹಾಕುತ್ತಿತ್ತು, ಅದು ನಮ್ಮ ನಿಗಾರ್‌ಳ ಕಾಲು. ಅವಳ ಗಂಡ ಶಫೀ ತಿರುಗಿ ನೋಡಿದ, ಅದೂ ನಿಂತಿತು.

ಆಮೇಲೆ ಆದದ್ದೇ ದೊಡ್ಡದು. ಅತಿಥಿಯಾಗಿ ಬಂದಿದ್ದ ಕೌನ್ಸಿಲರ್ ಅಮ್ಮನಿಗೆ ಬೇರೆ ಕಡೆ ಹೋಗಬೇಕಿತ್ತು. ಶಾಲನ್ನು ಅವರ ಕೈಯಿಂದಲೇ ಹೊದಿಸಬೇಕಿತ್ತು. ಹೌದಲ್ಲವೇ? ಅದಕ್ಕಾಗಿ ಎರಡನೇ ಚರಣ ಮುಗಿಯುತ್ತಿದ್ದ ಹಾಗೆಯೇ ಅರ್ಪಿತಾ ಮೈಕಿನಲ್ಲಿ "ಈಗ ಗಣ್ಯರಿಂದ ಕಲಾವಿದರಿಗೆ ಸನ್ಮಾನ" ಎಂದರು. ಶಫೀ ಓಡಿಬಂದು, ಬಸ್ಸು ನಿಲ್ಲಿಸುವವನ ಹಾಗೆ ಕೈ ಅಡ್ಡ ಹಿಡಿದು ಹಾಡು ನಿಲ್ಲಿಸಿದ. ಶಾಲು ಬಂತು. ಮೈಸೂರು ಪೇಟ ಬಂತು, ಅದು ಕಿವಿಯನ್ನೂ ದಾಟಿ ಕಣ್ಣಿನ ತನಕ ಇಳಿಯಿತು. ಅಕಾರ್ಡಿಯನ್ನಿನ ಮೇಲೆಯೇ ಹಣ್ಣಿನ ಬುಟ್ಟಿ ಕೂರಿಸಿದಿರಿ. ಬುಟ್ಟಿಯ ಭಾರಕ್ಕೆ ಅದು ‘ಕೊಂಯ್’ ಎಂದಿತು. ಹನ್ನೊಂದು ಜನ ಸೇರಿ ಫೋಟೋ ತೆಗೆಸಿಕೊಂಡಿರಿ. ಆಮೇಲೆ "ಊಟಕ್ಕೆ ದಯಮಾಡಿಸಿ" ಎಂದಿರಿ. ಹಾಡಿಗೆ ಇನ್ನೂ ಒಂದು ಚರಣ ಇತ್ತು ಎಂದು ಯಾರಾದರೂ ಕೇಳಿದಿರಾ? ನಾನೂ ಕೇಳಲಿಲ್ಲ. ನಾನು ಆಗ ಅಡುಗೆಕೋಣೆಯ ಕಿಂಡಿಯಿಂದ ನೋಡುತ್ತಾ ಹಪ್ಪಳ ಕರಿಯುತ್ತಿದ್ದೆ. ಅದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ.

ನಾವೆಲ್ಲ ಸನ್ಮಾನ ಮಾಡಿ ಕಳಿಸಿದೆವು ಎಂದುಕೊಂಡೆವು. ಅವರು ಏನೆಂದುಕೊಂಡರು ಗೊತ್ತೇ? ಹೋಗುವಾಗ ವ್ಯಾನಿನಲ್ಲಿ ಪೀಡರಪ್ಪ ಇಂಚರಾಳಿಗೆ ಹೇಳಿದರಂತೆ, "ಪಾಪ, ಎಷ್ಟು ಒಳ್ಳೆಯ ಜನ. ಸಾಕು ನಿಲ್ಲಿಸು ಅನ್ನೋಕೆ ಬಾಯಿ ಬರಲಿಲ್ಲ, ಹಣ್ಣು ಕೊಟ್ಟು ನಿಲ್ಲಿಸಿದರು." ಈ ದೇಶದಲ್ಲಿ ಹಾಡು ಹಿಡಿಸದಿದ್ದರೆ ಜನ ನೆಲ ನೋಡುತ್ತಾರೆ, ಇಲ್ಲವೆ ಟೀ ತರಲು ಹೋಗುತ್ತಾರೆ. ಹಾಡುವವನ ತಲೆಗೆ ಪೇಟ ಸುತ್ತಿ ಬಾಯಿ ಮುಚ್ಚಿಸುವುದನ್ನು ಅವರು ಹುಟ್ಟಿದ ಮೇಲೆ ಕಂಡಿರಲಿಲ್ಲ.

ಇನ್ನೊಂದು ಮಾತು ನಿಮಗೆ ಗೊತ್ತಿರಬೇಕು. ಈ ತಂಡಗಳಲ್ಲಿ ಒಂದು ಪದ್ಧತಿ ಇದೆ. ಚಪ್ಪಾಳೆಗೆ ಅವರು ಬೆಲೆ ಕೊಡುವುದಿಲ್ಲ. ಕುಣಿಯುವ ನೆಲ ತುಂಬಿತೇ, ಇಲ್ಲವೇ, ಅಷ್ಟನ್ನೇ ನೋಡುತ್ತಾರೆ. ಯಾರೂ ಏಳದ ಹಾಡನ್ನು ಪಟ್ಟಿಯಿಂದ ತೆಗೆದುಬಿಡುತ್ತಾರೆ. ನೀವು ಕಿವಿ ತೂತಾಗುವಷ್ಟು ಚಪ್ಪಾಳೆ ಹೊಡೆದಿರಿ, ಆದರೆ ಎದ್ದವರು ಯಾರು? ಎದ್ದದ್ದು ಊಟಕ್ಕೆ. ಡೆಕ್ಲನ್ ಮೇಷ್ಟ್ರು, "ಒಂದು ಹಾಲ್ ತಾನೇ, ಬಿಡು" ಎಂದರಂತೆ. ಪೀಡರಪ್ಪ ಕೇಳಲಿಲ್ಲ. "ಬೇರೆ ಹಾಲ್ ಆಗಿದ್ರೆ ಬಿಡ್ತಿದ್ದೆ" ಎಂದು ಅಕಾರ್ಡಿಯನ್ ಪೆಟ್ಟಿಗೆಯಲ್ಲಿಟ್ಟು ಮೆಟ್ಟಿಲ ಕೆಳಗೆ ತಳ್ಳಿದವರು ಐದು ತಿಂಗಳಿಂದ ಮುಟ್ಟಿಲ್ಲ.

ಅರ್ಪಿತಾ ಅವರೇ, ಆ ಚೀಟಿಯಲ್ಲಿ ಏನು ಬರೆದಿದೆ? ಸಮಯ ಮುಗಿಯಿತು ಎಂದೇ? ನಿಮ್ಮ ಕೈಗೆ ಮಧ್ಯದಲ್ಲಿ ನಿಲ್ಲಿಸುವ ರೋಗವಿದೆ. ಕುಳಿತುಕೊಳ್ಳಿ.

ಹಾಗಾದರೆ ಈ ಮುದುಕಿಗೆ ಏನು ನಷ್ಟ ಎಂದು ನೀವು ಕೇಳಬಹುದು. ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಆಗಲೇ ಕೇಳಿದ್ದೀರಿ. "ಆ ಹಾಡು ಸಾವಿತ್ರಮ್ಮನವರ ಮೇಲೆ ಕಟ್ಟಿದ್ದಂತೆ" ಎಂದು ಒಬ್ಬರು, "ವಯಸ್ಸಾದವರ ಮರ್ಯಾದೆಯ ಪ್ರಶ್ನೆ" ಎಂದು ಇನ್ನೊಬ್ಬರು, ಅದರ ಕೆಳಗೆ ನಗುವ ಗೊಂಬೆಗಳು ಹದಿನಾಲ್ಕು. ನನಗೆ ಫೋನು ನೋಡಲು ಬರುವುದಿಲ್ಲ ಎಂದುಕೊಂಡಿದ್ದೀರಿ. ಓದಲು ಬರುತ್ತದೆ. ಉತ್ತರ ಒತ್ತಲು ಮಾತ್ರ ಬೆರಳು ದಪ್ಪ.

ಉತ್ತರ ಇಲ್ಲಿಯೇ ಕೇಳಿ. ಆ ಹಾಡು ಅವರ ಹೆಂಡತಿ ನೂಲಾಳ ಮೇಲೆ ಕಟ್ಟಿದ್ದು. ನಾನು ಈ ದೇಶಕ್ಕೆ ಬಂದ ಹೊಸದರಲ್ಲಿ ಆಕೆ ಇದ್ದಳು. ಹಿತ್ತಲಲ್ಲಿ ನಿಂತು ಗಂಡನನ್ನು ಕೂಗಿದಳೆಂದರೆ ಹೊಲದ ಕಾಗೆಗಳೆಲ್ಲ ಏಳುತ್ತಿದ್ದವು. ನನಗೆ ಒಂದು ಪದವೂ ತಿಳಿಯುತ್ತಿರಲಿಲ್ಲ, ಆದರೂ ಏನು ಹೇಳುತ್ತಿದ್ದಾಳೆ ಎಂದು ಪೂರ್ತಿ ತಿಳಿಯುತ್ತಿತ್ತು. ಆಕೆ ಹೋಗಿ ಆರು ವರ್ಷವಾಯಿತು. ಹೋದ ಮೇಲೆ ಆ ಮನೆಯ ಬಟ್ಟೆ ಹಗ್ಗದ ಮೇಲೆ ಮೂರು ಮೂರು ದಿನ ಮಳೆಯಲ್ಲಿ ನೆನೆಯುತ್ತಿತ್ತು. ಗೇಟು ತೆರೆದೇ ಇರುತ್ತಿತ್ತು. ನಾನು ಒಂದು ಚಳಿಗಾಲ ನೋಡಿದೆ, ಎರಡು ಚಳಿಗಾಲ ನೋಡಿದೆ. ಆಮೇಲೆ ಒಂದು ದಿನ ತಡೆಯಲಾಗದೆ ಬೇಲಿಯ ಹತ್ತಿರ ಹೋಗಿ ಕೂಗಿದೆ.

"ಏನಯ್ಯಾ ಪೀಡರಪ್ಪ, ಮಳೆ ಬತ್ತಾ ಐತೆ, ಕಣ್ಣು ಕಾಣಾಕಿಲ್ವಾ? ಮೂರು ದಿನದಿಂದ ನೆನೀತಾ ಅವೆ, ಅವೇನು ಬಟ್ಟೆನಾ ಮೀನಾ? ತಗಿ ಅವನ್ನ!"

ಅವರು ಹೊರಗೆ ಬಂದರು. ಆಕಾಶ ನೋಡಿದರು, ನನ್ನನ್ನು ನೋಡಿದರು. "ಗ್ರ್ಯಾಂಡ್, ಮಿಸಸ್, ಗ್ರ್ಯಾಂಡ್", ಅಂದರೆ ‘ಆಯಿತಮ್ಮ, ಆಯಿತು’ ಎಂದು, ಬಟ್ಟೆ ತೆಗೆದುಕೊಂಡು ಒಳಗೆ ಹೋದರು. ಅವತ್ತಿನಿಂದ ಬಟ್ಟೆಗೆ, ಗೇಟಿಗೆ, ಉಪ್ಪು ಖಾರ ಇಲ್ಲದೆ ಬರೀ ಆಲೂಗಡ್ಡೆ ಬೇಯಿಸಿಕೊಂಡು ತಿನ್ನುವುದಕ್ಕೆ, ಎಲ್ಲದಕ್ಕೂ ನಾನು ಕನ್ನಡದಲ್ಲಿ ಬೈಯುವುದು, ಅವರು ಗ್ರ್ಯಾಂಡ್ ಎನ್ನುವುದು. ಇದರಲ್ಲಿ ತಪ್ಪೇನಿದೆ? ಅಕ್ಕಪಕ್ಕದವರು ಮಾತನಾಡಬಾರದೇ?

ನಾನು ಹುಟ್ಟಾ ಜಗಳಗಂಟಿಯಲ್ಲ. ನಮ್ಮ ಯಜಮಾನರದು ಹಿಟ್ಟಿನ ಗಿರಣಿ. ಮೆಷಿನ್ ಸದ್ದಿಗೆ ಮೂವತ್ತು ವರ್ಷಕ್ಕೇ ಅವರ ಕಿವಿ ಮಂದವಾಯಿತು. ನಲವತ್ತೊಂದು ವರ್ಷದ ಸಂಸಾರದಲ್ಲಿ ನಾನು ಒಂದು ಮಾತನ್ನೂ ಮೆತ್ತಗೆ ಆಡಲಿಲ್ಲ. "ಊಟಕ್ಕೆ ಬನ್ನಿ" ಎಂದರೂ ಊರಿಗೆಲ್ಲ ಬೈಗುಳದ ಹಾಗೆ ಕೇಳುತ್ತಿತ್ತು. ಒಂದು ಸಲ ಗಂಟಲು ಕಟ್ಟಿ ನಾಲ್ಕು ದಿನ ಮಾತು ಹೊರಡಲಿಲ್ಲ. ಐದನೆಯ ದಿನ ಅವರು ಗಿರಣಿ ನಿಲ್ಲಿಸಿ, ಮೈತುಂಬ ಹಿಟ್ಟು ಮೆತ್ತಿಕೊಂಡೇ ಬಂದು ಹೊಸ್ತಿಲಲ್ಲಿ ನಿಂತರು. "ಯಾಕೆ ಸಾವಿತ್ರಿ, ನನ್ನಿಂದ ಏನಾರ ತಪ್ಪಾಯ್ತಾ?" ಎಂದರು. ಅವರು ಹೋದ ಮೇಲೆ ಇಲ್ಲಿಗೆ ಬಂದೆ. ಇಲ್ಲಿ ಬಾಯಿ ತೆರೆದರೆ, "ಅಮ್ಮಾ, ಮೆಲ್ಲಗೆ, ಗೋಡೆ ತೆಳು" ಎನ್ನುತ್ತಾಳೆ ಮಗಳು. "ಅಜ್ಜಿ, ಐ ಆಮ್ ರೈಟ್ ಹಿಯರ್" ಎನ್ನುತ್ತಾಳೆ ಮೊಮ್ಮಗಳು. ಅವರದೂ ತಪ್ಪಲ್ಲ. ಅರ್ಧ ನುಂಗಿ ಅರ್ಧ ಆಡುವುದನ್ನು ಕಲಿತೆ. ಪೂರ್ತಿ ಗಂಟಲಿನಲ್ಲಿ ಮಾತನಾಡಿದ್ದು ಆ ಬೇಲಿಯ ಬಳಿ ಮಾತ್ರ.

ಇದಿಷ್ಟನ್ನು ನಾನು ಬರೆದುಕೊಂಡು ಬಂದಿರಲಿಲ್ಲ. ಭಾನು, ಸೆರಗಿನಿಂದ ಮುಖ ಮುಚ್ಚಿಕೊಳ್ಳಬೇಡ, ಮೂರನೇ ಸಾಲಿನಲ್ಲಿ ಕುಳಿತಿದ್ದೀಯ, ಎಲ್ಲರಿಗೂ ಕಾಣುತ್ತಿದೆ.

ನವೆಂಬರಿನಿಂದ ಈಚೆಗೆ ಏನಾಗಿದೆ ಎಂದು ಹೇಳುತ್ತೇನೆ. ಪೀಡರಪ್ಪ ಬದಲಾಗಿಬಿಟ್ಟಿದ್ದಾರೆ. ಮೋಡ ಕಟ್ಟುವ ಮೊದಲೇ ಬಟ್ಟೆ ಒಳಗೆ. ಗೇಟು ಭದ್ರ. ಬೇಲಿ ಕತ್ತರಿಸಿದ್ದಾರೆ, ಎಷ್ಟು ನೀಟಾಗಿ ಎಂದರೆ ನನಗೆ ಹೊಟ್ಟೆಯುರಿಯುತ್ತದೆ. ನಾನು ಕೆಂಪು ಮೆಣಸಿನಕಾಯಿ ಒಣಹಾಕುವ ನೆಪದಲ್ಲಿ ಎಷ್ಟು ಹೊತ್ತು ನಿಂತರೂ ಬೈಯಲು ಒಂದು ಕಾರಣ ಸಿಕ್ಕುವುದಿಲ್ಲ. ಮನುಷ್ಯ ಇಷ್ಟು ಅಚ್ಚುಕಟ್ಟಾಗಿ ಬದುಕಬಹುದೇ? ದೂರದಿಂದಲೇ ತಲೆ ಬಾಗಿಸಿ ಒಳಗೆ ಹೋಗುತ್ತಾರೆ. ಗ್ರ್ಯಾಂಡ್ ಕೂಡ ಇಲ್ಲ.

ಹೋದ ವಾರ ಇಂಚರಾಳನ್ನು ಕರೆದುಕೊಂಡು ಬೇಲಿ ಸುತ್ತಿ ಅವರ ಮನೆಗೇ ಹೋದೆ. ಅಡುಗೆಮನೆಯ ಮೊಳೆಗೆ ನಮ್ಮ ಪೇಟ ನೇತುಹಾಕಿದ್ದರು.

"ಕೇಳು ಇವನನ್ನ, ನಾನೇನು ಹುಲಿನಾ, ಕಂಡ ತಕ್ಷಣ ಯಾಕೆ ಒಳಕ್ಕೆ ಓಡ್ತಾನೆ?" ಎಂದೆ.

ಅವರು ಕೈಯಲ್ಲಿದ್ದ ಕಪ್ಪನ್ನು ತಿರುಗಿಸುತ್ತಾ ನಿಧಾನವಾಗಿ ಹೇಳಿದರು. ಇಂಚರಾ ತನಗೆ ಬಂದ ಕನ್ನಡದಲ್ಲಿ ಹೇಳಿದಳು: "ಅಜ್ಜಿ, ಅವರು ಹೇಳ್ತಾರೆ, ನಿಮ್ಮ ಜನರ ಮುಂದೆ ನಿಮಗೆ ಅವಮಾನ ಆಯ್ತು ಅಂತ. ಹಾಡಿನಿಂದ. ಅದಕ್ಕೆ ನಿಮ್ಮ ಜನ ನಿಲ್ಲಿಸಿದ್ರು ಅಂತ. ಸಾರಿ ಅಂತೆ."

ನಾನು ಶಾಲು ಎಂದರೇನು, ಪೇಟ ಎಂದರೇನು, ಅದು ನಮ್ಮಲ್ಲಿ ಎಷ್ಟು ದೊಡ್ಡ ಮರ್ಯಾದೆ ಎಂದು ಕಾಲು ಗಂಟೆ ಬಿಡಿಸಿ ಹೇಳಿದೆ. ಎಲ್ಲ ಕೇಳಿ ಅವರು ಒಂದೇ ಮಾತು ಕೇಳಿದರು: "ಅಷ್ಟು ಮರ್ಯಾದೆ ಇದ್ದರೆ ಹಾಡು ಮುಗಿಯುವ ತನಕ ಯಾಕೆ ಕಾಯಲಿಲ್ಲ?"

ಸಭಿಕರೇ, ಆ ಪ್ರಶ್ನೆಯನ್ನು ನಿಮಗೇ ತಂದಿದ್ದೇನೆ. ನಿಮ್ಮಲ್ಲಿ ಯಾರ ಹತ್ತಿರವಾದರೂ ಉತ್ತರ ಇದೆಯೇ? ಇಲ್ಲ. ಗೊತ್ತಿತ್ತು.

ಆಗ ಇಂಚರಾಳನ್ನು ಕೇಳಿದೆ, ನಮ್ಮವರು ನುಂಗಿದ ಮೂರನೇ ಚರಣದಲ್ಲಿ ಏನಿದೆ ಎಂದು. ಪೀಡರಪ್ಪ ಕಿವಿಯ ತನಕ ಕೆಂಪಾಗಿ ಹವಾಮಾನದ ಮಾತು ತೆಗೆದರು. ಹುಡುಗಿ, "ಅಜ್ಜಿ, ಇಟ್ಸ್ ಅಬೌಟ್ ದ ವೆದರ್" ಎಂದಳು. ಮನೆಗೆ ಬಂದು ಕಿವಿ ಹಿಂಡಿದ ಮೇಲೆ ಹೇಳಿದಳು. ನೀವು ಕೇಳದೆ ಬಿಟ್ಟ ಚರಣವನ್ನು ಈಗ ನಾನೇ ಹೇಳುತ್ತೇನೆ. ‘ಮನೆ ಎರಡು ಚಳಿಗಾಲ ಸುಮ್ಮನಿತ್ತು. ಒಂದು ದಿನ ಬೇಲಿಯಾಚೆ ಯಾರೋ ಬೈದರು. ಭಾಷೆ ಗೊತ್ತಿಲ್ಲ, ಬೈದದ್ದು ನನಗೇ ಎಂದು ಗೊತ್ತಾಯಿತು. ಬಟ್ಟೆ ಒಣಗಿದ್ದರೂ ಹಗ್ಗದ ಮೇಲೇ ಬಿಟ್ಟಿದ್ದೇನೆ, ಮಳೆ ಬರಲಿ.’

ಇಷ್ಟೇ. ಇದರಲ್ಲಿ ಪ್ರೀತಿ ಎಲ್ಲಿದೆ? ಬೇಲಿ ಇದೆ, ಹಗ್ಗ ಇದೆ, ಮಳೆ ಇದೆ. ಇಂಚರಾ ಹೇಳಿದ್ದು ಸರಿ, ಹವಾಮಾನವೇ. ನಗಬೇಡಿ. ಹಿಂದಿನ ಸಾಲಿನವರು ವಿಶೇಷವಾಗಿ ನಗಬೇಡಿ. ನಾನು ಆ ದಿನ ರಾಗಿ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಈಗ ನೀವು ಮಾಡಬೇಕಾದದ್ದು. ಮೇ ತಿಂಗಳ ಎರಡನೇ ಭಾನುವಾರ, ಮಧ್ಯಾಹ್ನ ಮೂರು ಗಂಟೆಗೆ, ಪಕ್ಕದ ಹಳ್ಳಿಯ ಹಾಲ್‌ನಲ್ಲಿ ಗೇಟ್‌ಪೋಸ್ಟ್ಸ್ ನುಡಿಸುತ್ತಾರೆ. ಪೀಡರಪ್ಪ ಬರುವುದಿಲ್ಲ ಎಂದಿದ್ದರು. ಮರುದಿನ ಡೆಕ್ಲನ್ ಮೇಷ್ಟ್ರೂ ಇಂಚರಾಳೂ ಕೂತು ಬಹಳ ಹೇಳಿದ ಮೇಲೆ ಒಂದು ಷರತ್ತು ಹಾಕಿದ್ದಾರೆ. "ಅವತ್ತು ಕೂತಿದ್ದ ಅದೇ ಜನ ತಾವಾಗಿ ಎದ್ದರೆ ಮೂರನೇ ಚರಣ ಹಾಡ್ತೀನಿ. ಇಲ್ಲ ಅಂದ್ರೆ ಅಕಾರ್ಡಿಯನ್ ಮಾರಿಬಿಡ್ತೀನಿ." ಮಾರುತ್ತಾರೆ. ಹಟದ ಮನುಷ್ಯ, ನನಗೆ ಗೊತ್ತು.

ಆದ್ದರಿಂದ ಎಲ್ಲರೂ ಬರಬೇಕು. ಜೈವ್ ಬರುವುದಿಲ್ಲ ಎನ್ನಬೇಡಿ. ಆರು ಹೆಜ್ಜೆ, ಒಂದು ಸುತ್ತು, ಅಷ್ಟೇ. ನಾನು ಅಡುಗೆಮನೆಯಲ್ಲಿ ಫ್ರಿಜ್ಜಿನ ಹಿಡಿ ಹಿಡಿದುಕೊಂಡು ಒಂದು ವಾರದಲ್ಲಿ ಕಲಿತಿದ್ದೇನೆ. ಫ್ರಿಜ್ಜಿನ ಬಾಗಿಲು ಸ್ವಲ್ಪ ಜೋಲುತ್ತಿದೆ, ಅಳಿಯನಿಗೆ ಇನ್ನೂ ಗೊತ್ತಿಲ್ಲ. ನಿಗಾರ್, ನೀನು ಮೊದಲು ಏಳಬೇಕು. ಶಫೀ, ನೀನು ಅವಳ ಕೈ ಹಿಡಿಯಬೇಕು, ಅಡ್ಡ ಹಿಡಿಯಬಾರದು. ಗುರುದತ್ ಅವರೇ, ಅಧ್ಯಕ್ಷರೆಂದು ಕುರ್ಚಿಯಲ್ಲಿ ಉಳಿಯಬೇಡಿ. ಶಾಲು, ಪೇಟ, ಬುಟ್ಟಿ ಏನನ್ನೂ ತರಬೇಡಿ. ತಂದವರನ್ನು ಬಾಗಿಲಲ್ಲೇ ತಡೆಯುತ್ತೇನೆ.

ನೀವು ಯಾರೂ ಏಳದಿದ್ದರೆ ಏನಾಗುತ್ತದೆ ಎಂದೂ ಹೇಳಿಬಿಡುತ್ತೇನೆ. ಆ ನೆಲವನ್ನು ನಾನು ಖಾಲಿ ಬಿಡುವುದಿಲ್ಲ. ನಾನೊಬ್ಬಳೇ ಏಳುತ್ತೇನೆ. ಆದರೆ ಜೈವ್ ಒಬ್ಬರೇ ಮಾಡುವಂಥದ್ದಲ್ಲ. ಹಾಡುವವರೇ ಕೆಳಗೆ ಇಳಿದು ಬಂದು ಕೈ ಹಿಡಿಯಬೇಕಾಗುತ್ತದೆ. ಆಮೇಲೆ ಗ್ರೂಪಿನಲ್ಲಿ ಯಾವ ಗೊಂಬೆ ಹಾಕುತ್ತೀರೋ ಹಾಕಿಕೊಳ್ಳಿ, ಎಷ್ಟು ಹಾಕುತ್ತೀರೋ ಹಾಕಿಕೊಳ್ಳಿ. ನನಗೆ ಅದೂ ಆಗಬಹುದು.

ಇಷ್ಟು ಹೊತ್ತು ಹಸಿವು ತಡೆದು ಕೇಳಿದ ನಿಮಗೆ, ಮೈಕು ಕಿತ್ತುಕೊಳ್ಳದ ಶಫೀಗೆ, ಎರಡನೇ ಚೀಟಿ ಕಳಿಸದ ಅರ್ಪಿತಾಗೆ ನನ್ನ ಉಪಕಾರ ಸ್ಮರಣೆ. ಬರುವವರು ಯಾರು, ಯಾರ ಜೊತೆ ಕುಣಿಯುವವರು ಯಾರು ಎಂದು ಇಂಚರಾಳ ಫೋನಿಗೆ ಬರೆದು ತಿಳಿಸಿ. ‘ನೋಡೋಣ’ ಎಂದು ಬರೆಯಬೇಡಿ, ‘ಟ್ರೈ ಮಾಡ್ತೀವಿ’ ಎಂದು ಬರೆಯಬೇಡಿ. ಬರುತ್ತೇನೆ ಅಥವಾ ಬರುವುದಿಲ್ಲ, ಎರಡರಲ್ಲಿ ಒಂದು. ಮುಂದಿನ ತಿಂಗಳು ಹುಟ್ಟುವುದರೊಳಗೆ ಒಬ್ಬೊಬ್ಬರ ಉತ್ತರವೂ ನನ್ನ ಕೈಗೆ ಬಂದಿರಬೇಕು. ನಮಸ್ಕಾರ.